ಕೇಬಲ್ ಒಂದಾದರೆ ಸಾಲದು, ಮಾತೂ ಒಂದಾಗಬೇಕು

(ಯುವಕ ಯುವತಿಯರ ಅಧ್ಯಯನ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ನಿಮ್ಮಲ್ಲಿ ಕೆಲವರು ಡೇಟಾ ಸೆಂಟರ್‌ಗಳಲ್ಲಿ ರಾತ್ರಿ ಪಾಳಿ ಮಾಡುವವರು. ಕೆಲವರು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಕಂಪನಿಗಳಲ್ಲಿ ಸರ್ವರ್ ನೋಡಿಕೊಳ್ಳುವವರು. ಇನ್ನು ಕೆಲವರು ಡಿಪ್ಲೊಮಾ, ಬಿ.ಇ. ಮುಗಿಸಿ ಕೆಲಸಕ್ಕಾಗಿ ಅಲೆಯುತ್ತಿರುವವರು. ನಿಮ್ಮೆಲ್ಲರ ಮುಂದೆ ಇವತ್ತು ನಾನು ಇಡುವುದು ಅಂಗೈ ಅಗಲದ ಒಂದು ಕಾರ್ಡಿನ ಕಥೆ. ಸರ್ವರ್‌ನ ಹಿಂಬದಿಯಲ್ಲಿ ಸಿಕ್ಕಿಸುವ ಕಾರ್ಡು. ಕನ್ವರ್ಜ್ಡ್ ನೆಟ್‌ವರ್ಕ್ ಅಡಾಪ್ಟರ್ ಎಂದು ಅದರ ಹೆಸರು. ಕೆಲಸದ ಜಾಗದಲ್ಲಿ ಸಿ.ಎನ್.ಎ. ಎಂದು ಕರೆಯುತ್ತಾರೆ. ನೆಟ್‌ವರ್ಕಿಗೆ ಒಂದು ಕಾರ್ಡು, ಡಿಸ್ಕ್ ಸಂಗ್ರಹಕ್ಕೆ ಇನ್ನೊಂದು ಕಾರ್ಡು ಎಂದು ಬೇರೆ ಬೇರೆ ಇದ್ದ ಎರಡನ್ನು ಸೇರಿಸಿ ಒಂದು ಮಾಡಿದ ಕಾರ್ಡು ಇದು.

ಒಂದು ಕಾರ್ಡಿನ ಬಗ್ಗೆ ಭಾಷಣ ಮಾಡುವಂಥದ್ದೇನಿದೆ ಎಂದು ನೀವು ಕೇಳಬಹುದು. ಇದೆ! ಈ ಕಾರ್ಡನ್ನು ಬರೀ ಸಿಕ್ಕಿಸುವುದಕ್ಕೆ ಕಲಿತವನ ವಿದ್ಯೆ ಕೆಲವೇ ವರ್ಷಗಳಲ್ಲಿ ಹಳತಾಯಿತು. ಇದರ ಒಳಗಿನ ನ್ಯಾಯವನ್ನು ಅರಿತವನಿಗೆ ಇವತ್ತಿಗೂ, ಕೃತಕ ಬುದ್ಧಿಮತ್ತೆಯ ಈ ಕಾಲದಲ್ಲಿಯೂ, ಕೆಲಸವಿದೆ. ಇಬ್ಬರಿಗೂ ಇರುವ ವ್ಯತ್ಯಾಸ ಎಲ್ಲಿಂದ ಬಂತು ಎಂಬುದೇ ನನ್ನ ಇವತ್ತಿನ ಮಾತು.

ಎರಡು ದಾರಿ ಯಾಕಿದ್ದವು?

ಮೊದಲು ಹಳೆಯ ವ್ಯವಸ್ಥೆಯನ್ನು ನೋಡಿ. ಈಥರ್ನೆಟ್ ಹುಟ್ಟಿದ್ದು 1973ರಲ್ಲಿ, ಅಮೆರಿಕದ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾಲಯದಲ್ಲಿ. ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಎಂಬಿಬ್ಬರು ಅದನ್ನು ಕಟ್ಟಿದರು. ಅದರ ಸ್ವಭಾವ ನಮ್ಮ ಊರಿನ ರಸ್ತೆಯ ಸ್ವಭಾವವೇ. ಯಾರು ಬೇಕಾದರೂ ಗಾಡಿ ಇಳಿಸಬಹುದು. ದಾರಿಯಲ್ಲಿ ಜಾಗವಿಲ್ಲದಿದ್ದರೆ ಸ್ವಿಚ್ಚು ಬಂದ ಪ್ಯಾಕೆಟ್ಟನ್ನು ಬಿಸಾಡಿಬಿಡುತ್ತದೆ. ಯಾರನ್ನೂ ಕೇಳುವುದಿಲ್ಲ. ಕಳೆದುಹೋದದ್ದನ್ನು ಪತ್ತೆ ಹಚ್ಚಿ ಮತ್ತೆ ಕಳಿಸುವ ಹೊಣೆ ಮೇಲಿನ ಟಿ.ಸಿ.ಪಿ.ಯದು. ನೀವು ಒಂದು ವೆಬ್ ಪುಟ ತೆರೆಯುವಾಗ ನಡುವೆ ನಾಲ್ಕು ಪ್ಯಾಕೆಟ್ ಬಿದ್ದುಹೋದರೆ ನಿಮಗೆ ಗೊತ್ತೇ ಆಗುವುದಿಲ್ಲ. ಕ್ಷಣಾರ್ಧದಲ್ಲಿ ಅವು ಮತ್ತೆ ಬರುತ್ತವೆ.

ಡಿಸ್ಕಿನ ದಾರಿ ಹಾಗಲ್ಲ. ದೊಡ್ಡ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ ಸರ್ವರ್ ಒಂದು ಕಡೆ, ಡಿಸ್ಕ್‌ಗಳ ಕಪಾಟು ಇನ್ನೊಂದು ಕಡೆ. ನಡುವಿನ ದಾರಿಗೆ ಫೈಬರ್ ಚಾನೆಲ್ ಎಂದು ಹೆಸರು. 1994ರಲ್ಲಿ ಅದು ಅಮೆರಿಕದ ಮಾನಕವಾಯಿತು. ಸರ್ವರ್‌ಗೆ ಎಮ್ಯುಲೆಕ್ಸ್, ಕ್ಯೂಲಾಜಿಕ್ ಎಂಬ ಕಂಪನಿಗಳು ಮಾಡುತ್ತಿದ್ದ ಹೋಸ್ಟ್ ಬಸ್ ಅಡಾಪ್ಟರ್ ಕಾರ್ಡನ್ನು ಹಾಕಿ, ಈ ದಾರಿಗೆ ಜೋಡಿಸುತ್ತಿದ್ದರು.

ಈ ದಾರಿಯ ನ್ಯಾಯವೇ ಬೇರೆ. ಯಶವಂತಪುರದ ಮಂಡಿಯಲ್ಲಿ ಒಂದು ಗೋಡೌನ್ ಇದೆ ಎಂದುಕೊಳ್ಳಿ. ಗೋಡೌನಿನವನು ಮೊದಲೇ ಹೇಳುತ್ತಾನೆ: ನನ್ನಲ್ಲಿ ಎಂಟು ಮೂಟೆಗೆ ಜಾಗವಿದೆ, ಎಂಟು ಕಳಿಸು. ಕಳಿಸುವವನು ಎಂಟು ಕಳಿಸಿ ಸುಮ್ಮನೆ ನಿಲ್ಲುತ್ತಾನೆ. ಒಂದು ಮೂಟೆ ಒಳಗೆ ಸಾಗಿ ಜಾಗ ಖಾಲಿಯಾದರೆ, ಇನ್ನೊಂದು ಕಳಿಸು ಎಂಬ ಮಾತು ಬರುತ್ತದೆ. ಆಗ ಮಾತ್ರ ಒಂಬತ್ತನೆಯ ಮೂಟೆ ಹೊರಡುತ್ತದೆ. ಫೈಬರ್ ಚಾನೆಲ್‌ನಲ್ಲಿ ಇದಕ್ಕೆ ಬಫರ್ ಕ್ರೆಡಿಟ್ ಎನ್ನುತ್ತಾರೆ. ಜಾಗವಿಲ್ಲದೆ ಮೂಟೆ ಹೊರಡುವುದೇ ಇಲ್ಲ. ಆದ್ದರಿಂದ ಬೀದಿಯಲ್ಲಿ ಬಿಸಾಡುವ ಪ್ರಶ್ನೆಯೇ ಇಲ್ಲ.

ಈ ಶಿಸ್ತು ಯಾಕೆ ಬೇಕು? ಕಾರಣ ಕೇಳಿ. ಡಿಸ್ಕಿಗೆ ಹೋಗುವ ಆದೇಶ ಸ್ಕಸಿ ಭಾಷೆಯಲ್ಲಿರುತ್ತದೆ. ಒಂದು ಫ್ರೇಮ್ ಕಳೆದರೆ ಅದೊಂದನ್ನೇ ಚಕ್ಕನೆ ಮತ್ತೆ ಕಳಿಸುವ ವ್ಯವಸ್ಥೆ ಫೈಬರ್ ಚಾನೆಲ್‌ನ ಸಾಮಾನ್ಯ ಡಿಸ್ಕ್ ಬಳಕೆಯಲ್ಲಿಲ್ಲ. ಇಡೀ ಆದೇಶವೇ ಕೆಟ್ಟಂತೆ. ಗಡುವು ಮುಗಿಯುವವರೆಗೆ ಕಾದು, ಆಮೇಲೆ ಪೂರ್ತಿ ಆದೇಶವನ್ನು ಮತ್ತೆ ಕೊಡಬೇಕು. ಲಿನಕ್ಸ್‌ನಲ್ಲಿ ಡಿಸ್ಕ್ ಆದೇಶದ ಮಾಮೂಲಿ ಗಡುವು 30 ಸೆಕೆಂಡು. ಆಸ್ಪತ್ರೆಯ ಬಿಲ್ಲಿನ ಕೌಂಟರಿನ ಮುಂದೆ ರೋಗಿಯ ಕಡೆಯವರು ನಿಂತಿದ್ದಾರೆ, ಡೇಟಾಬೇಸ್ 30 ಸೆಕೆಂಡು ಉಸಿರು ಬಿಡದೆ ಕೂತಿದೆ! ಇಂಥದ್ದು ಗಂಟೆಗೆ ನಾಲ್ಕು ಸಲ ಆದರೆ ಆ ಕೌಂಟರಿನ ಗತಿ ಏನಾಗಬೇಕು?

ಹೀಗೆ ಎರಡು ದಾರಿ, ಎರಡು ನ್ಯಾಯ, ಎರಡು ಬಗೆಯ ಕಾರ್ಡು, ಎರಡು ಬಗೆಯ ಸ್ವಿಚ್ಚು. ಒಂದು ಸರ್ವರ್‌ಗೆ ಒಂದು ಗಿಗಾಬಿಟ್‌ನ ಈಥರ್ನೆಟ್ ಕೇಬಲ್ ಆರು, ಫೈಬರ್ ಚಾನೆಲ್ ಕೇಬಲ್ ಎರಡು ಎಂದಿಟ್ಟುಕೊಳ್ಳಿ. ಒಟ್ಟು ಎಂಟು. ಒಂದು ರ‍್ಯಾಕಿನಲ್ಲಿ 16 ಸರ್ವರ್ ಇದ್ದರೆ 128 ಕೇಬಲ್! ರ‍್ಯಾಕಿನ ಹಿಂದೆ ಹೋದವನಿಗೆ ಹುತ್ತದಂತೆ ಕಾಣಬೇಕು. ಗಾಳಿ ಆಡಲು ಜಾಗವಿಲ್ಲ, ಕೈ ಹಾಕಲು ಸಂದಿಲ್ಲ.

ಲಾರಿಯನ್ನೇ ರೈಲಿಗೆ ಹತ್ತಿಸಿದರು

10 ಗಿಗಾಬಿಟ್ ಈಥರ್ನೆಟ್ ಬಂದಾಗ ಇಂಜಿನಿಯರುಗಳಿಗೆ ಆಸೆ ಹುಟ್ಟಿತು. ಇಷ್ಟು ಅಗಲವಾದ ದಾರಿ ಇರುವಾಗ ಎರಡು ಯಾಕೆ? ಒಂದರಲ್ಲೇ ಎರಡನ್ನೂ ಹರಿಸೋಣ. ಹಾಗೆ ಹುಟ್ಟಿದ್ದು ಫೈಬರ್ ಚಾನೆಲ್ ಓವರ್ ಈಥರ್ನೆಟ್, ಅಂದರೆ ಎಫ್.ಸಿ.ಓ.ಇ. 2007ರಲ್ಲಿ ಫೈಬರ್ ಚಾನೆಲ್ ಮಾನಕಗಳನ್ನು ರೂಪಿಸುವ ಟಿ-11 ಸಮಿತಿಯ ಮುಂದೆ ಈ ಪ್ರಸ್ತಾಪ ಬಂತು. 2009ರ ಜೂನ್‌ನಲ್ಲಿ ಸಮಿತಿ ಕೆಲಸ ಮುಗಿಸಿತು. ಲಿನಕ್ಸ್ ಕರ್ನೆಲ್‌ಗೂ ಅದೇ ವರ್ಷ, 2.6.29 ಆವೃತ್ತಿಯಲ್ಲಿ, ಇದು ಸೇರಿತು.

ಹೇಗೆ ಮಾಡಿದರು? ಸುರತ್ಕಲ್ ರೈಲು ನಿಲ್ದಾಣಕ್ಕೆ ಹೋಗಿ ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಕೊಂಕಣ ರೈಲ್ವೆಯ ರೋ-ರೋ ಸೇವೆಯಲ್ಲಿ ಸರಕು ತುಂಬಿದ ಲಾರಿಯನ್ನು ಹಾಗೆಯೇ ರೈಲಿನ ಮೇಲೆ ಹತ್ತಿಸುತ್ತಾರೆ. ಸರಕು ಇಳಿಸುವುದಿಲ್ಲ, ಲಾರಿ ಬಿಚ್ಚುವುದಿಲ್ಲ. ಮಹಾರಾಷ್ಟ್ರದ ಕೋಲಾಡ್‌ನಲ್ಲಿ ಲಾರಿ ಇಳಿದು ತನ್ನ ಪಾಡಿಗೆ ತಾನು ಹೋಗುತ್ತದೆ. ಎಫ್.ಸಿ.ಓ.ಇ. ಮಾಡುವುದೂ ಇದನ್ನೇ. ಫೈಬರ್ ಚಾನೆಲ್ ಫ್ರೇಮನ್ನು ಬಿಚ್ಚದೆ, ಮುರಿಯದೆ, ಇಡಿಯಾಗಿ ಈಥರ್ನೆಟ್ ಫ್ರೇಮಿನೊಳಗೆ ಕೂರಿಸುತ್ತದೆ. ಆ ಕಡೆ ಇಳಿಸಿದಾಗ ಹಳೆಯ ವಿಳಾಸ, ಹಳೆಯ ಗುರುತು ಎಲ್ಲ ಹಾಗೇ ಇರುತ್ತದೆ.

ಒಂದು ತೊಡಕು ಕೂಡಲೇ ಎದುರಾಯಿತು. ಮಾಮೂಲಿ ಈಥರ್ನೆಟ್ ಫ್ರೇಮ್ ಹೊರುವುದು 1500 ಬೈಟ್. ಫೈಬರ್ ಚಾನೆಲ್ ಫ್ರೇಮಿನಲ್ಲಿ ಸರಕೇ 2112 ಬೈಟ್‌ವರೆಗೆ ಇರಬಹುದು. ಲಾರಿ ಉದ್ದ, ಗಾಡಿ ಗಿಡ್ಡ! ಆದ್ದರಿಂದ ದಾರಿಯುದ್ದಕ್ಕೂ ಸ್ವಿಚ್ಚುಗಳಲ್ಲಿ ಸುಮಾರು 2500 ಬೈಟ್‌ನ ಫ್ರೇಮಿಗೆ ಅವಕಾಶ ಕೊಡಬೇಕಾಯಿತು. ಒಂದೇ ಒಂದು ಸ್ವಿಚ್ಚಿನಲ್ಲಿ ಇದನ್ನು ಮರೆತರೂ ಡಿಸ್ಕಿನ ದೊಡ್ಡ ಓದು ಬರಹ ಅಲ್ಲಿಗೇ ನಿಲ್ಲುತ್ತದೆ.

ಇನ್ನು ಸಿ.ಎನ್.ಎ. ಕಾರ್ಡಿನ ಜಾಣತನ ನೋಡಿ. ಕಾರ್ಡು ಒಂದೇ. ಆಪರೇಟಿಂಗ್ ಸಿಸ್ಟಮ್‌ಗೆ ಅದು ತೋರಿಸುವ ಮುಖ ಎರಡು. ಒಂದು ಮುಖ ಮಾಮೂಲಿ ನೆಟ್‌ವರ್ಕ್ ಕಾರ್ಡಿನದು, ಅದಕ್ಕೆ ಮ್ಯಾಕ್ ವಿಳಾಸ. ಇನ್ನೊಂದು ಮುಖ ಹೋಸ್ಟ್ ಬಸ್ ಅಡಾಪ್ಟರ್‌ನದು, ಅದಕ್ಕೆ 64 ಬಿಟ್‌ನ ವರ್ಲ್ಡ್ ವೈಡ್ ನೇಮ್. ಮೇಲಿರುವ ಡೇಟಾಬೇಸಿಗೆ ಕೆಳಗೆ ಏನು ಬದಲಾಯಿತೆಂಬ ಸುಳಿವೂ ಇಲ್ಲ. ಒಂದು ಕಾರ್ಡು ಕೆಟ್ಟರೆ ಇನ್ನೊಂದಿರಲಿ ಎಂದು ಸರ್ವರ್‌ಗೆ ಎರಡು ಕೇಬಲ್ ಸಾಕು. ನಮ್ಮ ರ‍್ಯಾಕಿನ ಲೆಕ್ಕದಲ್ಲಿ 128 ಇದ್ದದ್ದು 32ಕ್ಕೆ ಇಳಿಯಿತು!

ದಾರಿಯಿಂದ ಮಾತು ತೆಗೆದುಕೊಳ್ಳಬೇಕು

ಇಲ್ಲಿಗೆ ಕಥೆ ಮುಗಿಯಿತು ಎಂದುಕೊಂಡವರೇ ಮೋಸ ಹೋದದ್ದು. ಯೋಚಿಸಿ. ಪ್ಯಾಕೆಟ್ ಬಿಸಾಡುವುದು ಈಥರ್ನೆಟ್‌ನ ಹುಟ್ಟುಗುಣ. ಬಿಸಾಡಿದರೆ ಡಿಸ್ಕಿನ ಕೆಲಸ ಕೆಡುತ್ತದೆ. ಲಾರಿಯನ್ನು ಹತ್ತಿಸಿದ ಮಾತ್ರಕ್ಕೆ ರೈಲಿನ ಗುಣ ಬದಲಾಗುತ್ತದೆಯೇ?

ಅದಕ್ಕಾಗಿ ಈಥರ್ನೆಟ್‌ನಿಂದಲೇ ಹೊಸ ಮಾತು ತೆಗೆದುಕೊಳ್ಳಬೇಕಾಯಿತು. ಐ.ಇ.ಇ.ಇ. ಸಂಸ್ಥೆ ಡೇಟಾ ಸೆಂಟರ್ ಬ್ರಿಡ್ಜಿಂಗ್ ಎಂಬ ಹೆಸರಿನಲ್ಲಿ ಹೊಸ ಕಟ್ಟಳೆಗಳನ್ನು ತಂದಿತು. ಮೂರನ್ನು ನೆನಪಿಡಿ.

ಮೊದಲನೆಯದು ಪ್ರಯಾರಿಟಿ ಫ್ಲೋ ಕಂಟ್ರೋಲ್. ಹಿಂದೆ ಈಥರ್ನೆಟ್‌ನಲ್ಲಿ 'ನಿಲ್ಲು' ಎಂದರೆ ಇಡೀ ಕೇಬಲ್ ನಿಲ್ಲುತ್ತಿತ್ತು. ಹೊಸ ಕಟ್ಟಳೆ ಕೇಬಲ್ಲಿನ ಸಂಚಾರವನ್ನು ಎಂಟು ವರ್ಗ ಮಾಡಿತು. ಡಿಸ್ಕಿನ ವರ್ಗಕ್ಕೆ ಮಾತ್ರ ನಿಲ್ಲು ಎನ್ನಬಹುದು. ಉಳಿದ ಏಳು ವರ್ಗ ಓಡುತ್ತಲೇ ಇರುತ್ತವೆ. ಜಾಗ ತುಂಬುವ ಮೊದಲೇ ನಿಲ್ಲು ಎಂದರೆ ಬಿಸಾಡುವ ಪಾಡೇ ಬರುವುದಿಲ್ಲ.

ಎರಡನೆಯದು ಪಾಲು ಹಂಚಿಕೆ. ಹತ್ತು ಗಿಗಾಬಿಟ್‌ನಲ್ಲಿ ಡಿಸ್ಕಿಗೆ ಇಷ್ಟು, ನೆಟ್‌ವರ್ಕಿಗೆ ಇಷ್ಟು ಎಂದು ಖಾತರಿ. ಒಬ್ಬರು ತಮ್ಮ ಪಾಲು ಬಳಸದಿದ್ದರೆ ಇನ್ನೊಬ್ಬರು ಬಳಸಿಕೊಳ್ಳಬಹುದು. ಬೇಕೆಂದಾಗ ಬಿಟ್ಟುಕೊಡಬೇಕು.

ಮೂರನೆಯದು, ಕಾರ್ಡು ಮತ್ತು ಸ್ವಿಚ್ಚು ಒಂದಕ್ಕೊಂದು ಮಾತಾಡಿ, ಯಾವ ವರ್ಗ ಯಾರದು, ಯಾರ ಪಾಲೆಷ್ಟು ಎಂದು ಒಪ್ಪಿಕೊಳ್ಳುವ ಏರ್ಪಾಡು. ಇಬ್ಬರೂ ಒಂದೇ ಮಾತಿಗೆ ಬರದಿದ್ದರೆ ಮೊದಲಿನ ಎರಡೂ ವ್ಯರ್ಥ.

ನಿಲ್ಲು ಎಂಬ ಮಾತಿಗೂ ಬೆಲೆ ತೆರಬೇಕು, ತಿಳಿದಿರಲಿ. 300 ಮೀಟರ್ ಉದ್ದದ ಫೈಬರ್‌ನಲ್ಲಿ ಬೆಳಕು ಹೋಗಿ ಬರಲು ಸುಮಾರು 3 ಮೈಕ್ರೋಸೆಕೆಂಡು ಬೇಕು. ಅಷ್ಟರಲ್ಲಿ 10 ಗಿಗಾಬಿಟ್ ದಾರಿಯಲ್ಲಿ ಸುಮಾರು 30,000 ಬಿಟ್ ಬಂದು ಬೀಳುತ್ತದೆ. ನಿಲ್ಲು ಎಂದ ಮೇಲೂ ಬರುವ ಇಷ್ಟಕ್ಕೆ ಸ್ವಿಚ್ಚು ಮೊದಲೇ ಜಾಗ ಕಾದಿರಿಸಬೇಕು. ದಾರಿ ಉದ್ದವಾದಷ್ಟು, ವೇಗ ಹೆಚ್ಚಿದಷ್ಟು ಕಾದಿರಿಸುವ ಜಾಗವೂ ಹೆಚ್ಚು. ಪುಕ್ಕಟೆಯಾಗಿ ಯಾವ ಭರವಸೆಯೂ ಸಿಗುವುದಿಲ್ಲ!

ಗಂಡ ಹೆಂಡಿರ ಜಗಳ

ಈಗ ಮನುಷ್ಯರ ಕಡೆಗೆ ಬನ್ನಿ. ನಡುರಾತ್ರಿ ಎರಡು ಗಂಟೆ. ಡೇಟಾಬೇಸ್ ನಿಂತಿದೆ. ರಾತ್ರಿ ಪಾಳಿಯಲ್ಲಿರುವುದು ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗಿ. ನೆಟ್‌ವರ್ಕ್ ವಿಭಾಗಕ್ಕೆ ಫೋನ್ ಮಾಡುತ್ತಾಳೆ. "ಪಿಂಗ್ ಹೋಗ್ತಾ ಇದೆ ನೋಡಮ್ಮ, ನಮ್ಮ ಕಡೆ ಏನೂ ತೊಂದರೆ ಇಲ್ಲ" ಎನ್ನುತ್ತಾರೆ. ಸ್ಟೋರೇಜ್ ವಿಭಾಗಕ್ಕೆ ಮಾಡುತ್ತಾಳೆ. "ಡಿಸ್ಕ್ ಕಪಾಟು ಸರಿಯಾಗೇ ಇದೆ, ಸ್ವಿಚ್ ನಮ್ಮದಲ್ಲ, ಅವರನ್ನೇ ಕೇಳಿ" ಎನ್ನುತ್ತಾರೆ. ಇಬ್ಬರ ಮಾತೂ ನಿಜವೇ! ಆ ಸಂಜೆ ಯಾರೋ ಸ್ವಿಚ್ಚಿನಲ್ಲಿ ವರ್ಗಗಳ ಪಟ್ಟಿ ಬದಲಾಯಿಸಿದ್ದಾರೆ. ಡಿಸ್ಕಿನ ವರ್ಗಕ್ಕಿದ್ದ 'ನಿಲ್ಲು' ಎಂಬ ಕಟ್ಟಳೆ ಹೋಗಿದೆ. ಪಿಂಗ್ ಬೇರೆ ವರ್ಗದಲ್ಲಿ ಹೋಗುತ್ತದೆ, ಅದಕ್ಕೇನೂ ಆಗಿಲ್ಲ. ಡಿಸ್ಕಿನ ಫ್ರೇಮ್‌ಗಳು ಮಾತ್ರ ಬೀದಿಪಾಲು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಇಂಥದ್ದಕ್ಕೇ ಹುಟ್ಟಿರಬೇಕು. ಕೇಬಲ್ ಒಂದಾಯಿತು, ವಿಭಾಗಗಳು ಎರಡಾಗಿಯೇ ಉಳಿದವು. ನೆಟ್‌ವರ್ಕಿನವರ ರೂಢಿಯಲ್ಲಿ ಸ್ವಿಚ್ಚನ್ನು ಒಂದು ನಿಮಿಷ ನಿಲ್ಲಿಸಿ ಮತ್ತೆ ಚಾಲೂ ಮಾಡುವುದು ದೊಡ್ಡ ವಿಷಯವಲ್ಲ. ಸ್ಟೋರೇಜಿನವರ ರೂಢಿಯಲ್ಲಿ ಒಂದು ಕೇಬಲ್ ಅಲುಗಾಡಿಸಲೂ ಅಪ್ಪಣೆ ಬೇಕು. ಈ ಇಬ್ಬರೂ ಒಂದೇ ಸ್ವಿಚ್ಚಿನ ಮುಂದೆ ಕೂತು, ಯಾರು ಯಾವಾಗ ಏನು ಮಾಡಬಹುದು ಎಂದು ಬರೆದಿಟ್ಟುಕೊಳ್ಳದಿದ್ದರೆ ಎಂಥ ಕಾರ್ಡು ತಂದರೂ ಪ್ರಯೋಜನವಿಲ್ಲ.

ಎಫ್.ಸಿ.ಓ.ಇ. ಅಂದುಕೊಂಡಷ್ಟು ಹರಡದಿರಲು ಇದು ಒಂದು ಕಾರಣ. ಬೇರೆ ಕಾರಣಗಳೂ ಇದ್ದವು. ಅದಕ್ಕೆ ಐ.ಪಿ. ವಿಳಾಸವಿಲ್ಲ, ಆದ್ದರಿಂದ ಮಾಮೂಲಿ ರೂಟರ್ ದಾಟಿ ಹೋಗಲಾರದು. ದಾರಿಯ ಪ್ರತಿ ಸ್ವಿಚ್ಚೂ ಹೊಸ ಕಟ್ಟಳೆ ತಿಳಿದಿರಬೇಕು. 2004ರಲ್ಲೇ ಮಾನಕವಾಗಿದ್ದ ಐ-ಸ್ಕಸಿ ಟಿ.ಸಿ.ಪಿ. ಮೇಲೆ ಓಡುತ್ತದೆ, ಅದಕ್ಕೆ ವಿಶೇಷ ಸ್ವಿಚ್ಚು ಬೇಕಿಲ್ಲ. ಇತ್ತ ಹಳೆಯ ಫೈಬರ್ ಚಾನೆಲ್ಲೂ ಸುಮ್ಮನೆ ಕೂರಲಿಲ್ಲ. ಎಂಟರಿಂದ ಹದಿನಾರಕ್ಕೆ, ಹದಿನಾರರಿಂದ ಮೂವತ್ತೆರಡು ಗಿಗಾಬಿಟ್‌ಗೆ ಏರಿತು. ಎಫ್.ಸಿ.ಓ.ಇ. ನೆಲೆ ಕಂಡದ್ದು ಹೆಚ್ಚಾಗಿ ಸರ್ವರ್‌ನಿಂದ ಮೊದಲ ಸ್ವಿಚ್ಚಿನವರೆಗಿನ ಚಿಕ್ಕ ದಾರಿಯಲ್ಲಿ. ಸಿಸ್ಕೋ 2009ರಲ್ಲಿ ತಂದ ಯು.ಸಿ.ಎಸ್. ಸರ್ವರ್‌ಗಳು ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಎರಡೂ ಕಡೆ ಒಬ್ಬರದೇ ಯಜಮಾನಿಕೆ. ಆದ್ದರಿಂದ ಮಾತು ಒಂದಾಗಿತ್ತು. ನಡೆಯಿತು!

ಕಾರ್ಡು ಮಾಡಿದ ಕಂಪನಿಗಳ ಗತಿಯೇನಾಯಿತು ನೋಡಿ. ಎಮ್ಯುಲೆಕ್ಸನ್ನು 2015ರಲ್ಲಿ ಅವಾಗೊ ಕೊಂಡಿತು. ಆ ಅವಾಗೊ 2016ರಲ್ಲಿ ಬ್ರಾಡ್‌ಕಾಮನ್ನು ಕೊಂಡು ಅದರ ಹೆಸರನ್ನೇ ಇಟ್ಟುಕೊಂಡಿತು. ಕ್ಯೂಲಾಜಿಕ್ಕನ್ನು 2016ರಲ್ಲಿ ಕೇವಿಯಮ್ ಕೊಂಡಿತು. ಕೇವಿಯಮ್ಮನ್ನು 2018ರಲ್ಲಿ ಮಾರ್ವೆಲ್ ಕೊಂಡಿತು. ಪೆಟ್ಟಿಗೆಯ ಮೇಲಿನ ಹೆಸರನ್ನೇ ವಿದ್ಯೆ ಎಂದು ನಂಬಿದವನು ಎಷ್ಟು ಸಲ ಮತ್ತೆ ಅ ಆ ಇ ಈ ತಿದ್ದಬೇಕು?

ನ್ಯಾಯ ಉಳಿಯಿತು

ಆದರೆ ಆ ದಾರಿಗಾಗಿ ಕಟ್ಟಿದ ಕಟ್ಟಳೆ ಸಾಯಲಿಲ್ಲ. ಇವತ್ತು ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ತರಬೇತಿಗೊಳಿಸಲು ಸಾವಿರಾರು ಜಿ.ಪಿ.ಯು.ಗಳನ್ನು ಒಟ್ಟಿಗೆ ಕಟ್ಟುತ್ತಾರೆ. ಒಂದು ಯಂತ್ರದ ನೆನಪಿನಿಂದ ಇನ್ನೊಂದರ ನೆನಪಿಗೆ ನೇರವಾಗಿ ಡೇಟಾ ಸಾಗಿಸುತ್ತಾರೆ. ಅದನ್ನು ಈಥರ್ನೆಟ್ ಮೇಲೆ ಮಾಡುವ ರೀತಿಗೆ ರಾಕಿ ಎನ್ನುತ್ತಾರೆ. ಮೆಟಾ ಕಂಪನಿ 2024ರಲ್ಲಿ ಎರಡು ಸಮೂಹಗಳ ವಿವರ ಪ್ರಕಟಿಸಿತು. ಒಂದೊಂದರಲ್ಲೂ 24,576 ಜಿ.ಪಿ.ಯು.ಗಳು. ಅವುಗಳಲ್ಲಿ ಒಂದು ಸಮೂಹ ಕಟ್ಟಿರುವುದು ರಾಕಿಯ ಮೇಲೆ. ರಾಕಿಯ ಜಾಲಗಳಲ್ಲಿ ಫ್ರೇಮ್ ಬಿಸಾಡದಂತೆ ಕಾಯಲು ಸಾಮಾನ್ಯವಾಗಿ ಬಳಸುವುದು ಯಾವುದನ್ನು ಗೊತ್ತೆ? ಅದೇ ಪ್ರಯಾರಿಟಿ ಫ್ಲೋ ಕಂಟ್ರೋಲ್! ಡಿಸ್ಕಿಗಾಗಿ ಕಲಿತ ಪಾಠ ಜಿ.ಪಿ.ಯು.ಗೆ ದಾರಿಯಾಯಿತು.

ಅದರ ಅಪಾಯವೂ ಜೊತೆಗೇ ಬಂತು. 2016ರಲ್ಲಿ ಮೈಕ್ರೋಸಾಫ್ಟ್‌ನ ಇಂಜಿನಿಯರುಗಳು ತಮ್ಮ ಅನುಭವವನ್ನು ಪ್ರಬಂಧವಾಗಿ ಪ್ರಕಟಿಸಿದರು. ಕೆಟ್ಟುಹೋದ ಒಂದೇ ಒಂದು ನೆಟ್‌ವರ್ಕ್ ಕಾರ್ಡು ಎಡೆಬಿಡದೆ ನಿಲ್ಲು ನಿಲ್ಲು ಎನ್ನುತ್ತಿದ್ದರೆ, ಅದರ ಸ್ವಿಚ್ಚು ನಿಲ್ಲುತ್ತದೆ, ಅದರ ಹಿಂದಿನ ಸ್ವಿಚ್ಚು ನಿಲ್ಲುತ್ತದೆ, ಹೀಗೆ ಜಾಲದ ದೊಡ್ಡ ಭಾಗವೇ ಹೆಪ್ಪುಗಟ್ಟಬಹುದು ಎಂದು ತೋರಿಸಿದರು. ಅಂಥ ಕಾರ್ಡನ್ನು ಗುರುತಿಸಿ ಬಾಯಿ ಮುಚ್ಚಿಸುವ ಕಾವಲು ವ್ಯವಸ್ಥೆಯನ್ನು ಕಾರ್ಡಿನಲ್ಲೂ ಸ್ವಿಚ್ಚಿನಲ್ಲೂ ಇಟ್ಟರು. ಬಿಸಾಡುವುದಿಲ್ಲ ಎಂಬ ಮಾತು ಕೊಟ್ಟ ಮೇಲೆ, ಒಬ್ಬನ ಹಟಕ್ಕೆ ಊರೇ ನಿಲ್ಲದಂತೆಯೂ ನೋಡಿಕೊಳ್ಳಬೇಕಲ್ಲವೆ?

ಕಾರ್ಡುಗಳನ್ನು ಒಂದು ಮಾಡುವ ಆಸೆಯೂ ಉಳಿಯಿತು. ಅಮೆಜಾನ್ 2017ರಲ್ಲಿ ಹೊರಗೆ ತಿಳಿಸಿದ ನೈಟ್ರೋ ವ್ಯವಸ್ಥೆಯಲ್ಲಿ ನೆಟ್‌ವರ್ಕಿನ ಕೆಲಸ, ದೂರದ ಡಿಸ್ಕಿನ ಕೆಲಸ ಎರಡನ್ನೂ ಅವರದೇ ಕಾರ್ಡುಗಳು ಹೊರುತ್ತವೆ. ಬಾಡಿಗೆಗೆ ಪಡೆದ ನಿಮ್ಮ ಸರ್ವರ್‌ಗೆ ಆ ಡಿಸ್ಕು ಪಕ್ಕದಲ್ಲೇ ಇರುವಂತೆ ಕಾಣುತ್ತದೆ. ಮೆಲನಾಕ್ಸನ್ನು 2020ರಲ್ಲಿ ಕೊಂಡ ಎನ್ವಿಡಿಯಾದ ಬ್ಲೂಫೀಲ್ಡ್ ಕಾರ್ಡುಗಳೂ ಇದೇ ಜಾಡಿನವು. ಆ ಕಾರ್ಡಿನೊಳಗೆ ಒಂದು ಪುಟ್ಟ ಕಂಪ್ಯೂಟರೇ ಇದೆ!

ನೀವು ಮಾಡಬೇಕಾದದ್ದು

ಗೆಳೆಯ ಗೆಳತಿಯರೆ, ಈ ಕೆಲಸ ಎಲ್ಲೋ ಏಳು ಕಡಲಾಚೆ ಮಾತ್ರ ನಡೆಯುತ್ತಿಲ್ಲ. ಬ್ರಾಡ್‌ಕಾಮ್, ಮಾರ್ವೆಲ್, ಇಂಟೆಲ್, ಸಿಸ್ಕೋ, ನೆಟ್‌ಆಪ್ ಇವಕ್ಕೆಲ್ಲ ನಮ್ಮ ಬೆಂಗಳೂರಿನಲ್ಲೇ ಇಂಜಿನಿಯರಿಂಗ್ ಕಚೇರಿಗಳಿವೆ. ಆ ಬಾಗಿಲು ತಟ್ಟುವ ಮೊದಲು ತಯಾರಾಗಿ.

ಒಂದು: ಸರ್ವರ್ ಕೈಗೆ ಸಿಕ್ಕರೆ ಲಿನಕ್ಸ್‌ನ ಎಲ್‌ಎಸ್‌ಪಿಸಿಐ ಆದೇಶ ಕೊಡಿ. ಒಂದೇ ಕಾರ್ಡು ಎಷ್ಟು ಮುಖ ತೋರಿಸುತ್ತಿದೆ ಎಂದು ಎಣಿಸಿ. ಎಥ್‌ಟೂಲ್ ಆದೇಶದಲ್ಲಿ ಎಷ್ಟು ಸಲ 'ನಿಲ್ಲು' ಬಂದಿದೆ, ಎಷ್ಟು ಹೋಗಿದೆ ಎಂಬ ಎಣಿಕೆ ನೋಡಿ. ಆ ಎಣಿಕೆ ಸುಮ್ಮಸುಮ್ಮನೆ ಏರುತ್ತಿದ್ದರೆ ಯಾರೋ ಉಸಿರುಗಟ್ಟುತ್ತಿದ್ದಾರೆಂದು ಅರ್ಥ.

ಎರಡು: ಯಾವ ಹೊಸ ಕಾರ್ಡು ಬಂದರೂ ಒಂದೇ ಪ್ರಶ್ನೆ ಕೇಳಿ. ಜಾಗ ತುಂಬಿದಾಗ ಇದು ಏನು ಮಾಡುತ್ತದೆ? ಬಿಸಾಡುತ್ತದೋ, ನಿಲ್ಲಿಸುತ್ತದೋ? ಬಿಸಾಡಿದರೆ ಮತ್ತೆ ಕಳಿಸುವವರು ಯಾರು? ನಿಲ್ಲಿಸಿದರೆ ಯಾರು ಯಾರು ನಿಲ್ಲುತ್ತಾರೆ? ಇದಕ್ಕೆ ಉತ್ತರ ಗೊತ್ತಿದ್ದರೆ ಹೆಸರು ಏನೇ ಬದಲಾಗಲಿ, ನಿಮ್ಮ ವಿದ್ಯೆ ಹಳಸುವುದಿಲ್ಲ.

ಮೂರು: ನೀವು ನೆಟ್‌ವರ್ಕಿನವರಾಗಿದ್ದರೆ ಸ್ಟೋರೇಜಿನವರ ಜೊತೆ ಒಂದು ಲೋಟ ಕಾಫಿ ಕುಡಿಯಿರಿ. ಸ್ಟೋರೇಜಿನವರಾಗಿದ್ದರೆ ಅವರನ್ನು ಕರೆಯಿರಿ. ಯಾವ ವರ್ಗ ಯಾರದು, ಯಾರ ಅಪ್ಪಣೆಯಿಲ್ಲದೆ ಏನನ್ನು ಮುಟ್ಟಬಾರದು ಎಂದು ಒಂದೇ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಅದನ್ನು ರಾತ್ರಿ ಪಾಳಿಯವರ ಮೇಜಿನ ಮೇಲೆ ಅಂಟಿಸಿ. ಎರಡು ಗಂಟೆ ರಾತ್ರಿಯಲ್ಲಿ ಆ ಹುಡುಗಿಗೆ ಬೇಕಾಗಿರುವುದು ಆ ಹಾಳೆ.

ನಾಳೆಯೇ ಶುರು ಮಾಡಿ.